ಕೂರಿಗೆ ಹೂಡೋ ಊರಲ್ಲಿ ಒಂದೊಂದೇ ಕಾಳು ಊರುವವರು

ಬ್ಲಾಗಿಗ ಮಿತ್ರರೇ, ಇವತ್ತು ಸ್ವಲ್ಪ ಜಗಳ ತೆಗೆಯೋಣ ಅಂತಲೇ ಕೂತಿದ್ದೇನೆ. ಮೊದಲು ನಮ್ಮ ಸಾಫ್ಟ್‌ವೇರ್ ಮಂದಿ ಜೊತೆ, ಆಮೇಲೆ ಹಳ್ಳಿ ಶಾಲೆಗೆ ಕಂಪ್ಯೂಟರ್ ದಾನ ಮಾಡಿ ಫೋಟೋ ಹಾಕುವವರ ಜೊತೆ, ಕೊನೆಗೆ ಸ್ವಲ್ಪ ನಿಮ್ಮ ಜೊತೆನೂ. ಬೇಜಾರು ಮಾಡ್ಕೋಬೇಡಿ, ಪೂರ್ತಿ ಓದಿ ಆಮೇಲೆ ಬಯ್ಯಿರಿ.

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ... ಈ ಕಡೆಯ ಹುಡುಗರು ಹುಬ್ಬಳ್ಳಿ-ಧಾರವಾಡದಲ್ಲಿ ಎಂಜಿನಿಯರಿಂಗ್ ಮುಗಿಸಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗ್ತಾರೆ. ಅಲ್ಲಿ ಎಷ್ಟೋ ಜನರ ಕೆಲಸವೇ ಸರ್ವರ್ ನೋಡಿಕೊಳ್ಳೋದು. ಒಂದೊಂದು ಕಂಪನಿಯಲ್ಲಿ ನೂರಾರು, ಸಾವಿರಾರು ಸರ್ವರ್. ಅದಕ್ಕೆಲ್ಲ ಯಾರಾದರೂ ಸಿ.ಡಿ. ಹಿಡ್ಕೊಂಡು ಒಂದೊಂದರ ಮುಂದೆ ಕೂತು ಆಪರೇಟಿಂಗ್ ಸಿಸ್ಟಂ ಹಾಕ್ತಾರಾ? ಛೇ! ಹೊಸ ಸರ್ವರ್‌ಗೆ ಕರೆಂಟು, ನೆಟ್‌ವರ್ಕ್ ವೈರು ಕೊಟ್ಟರೆ ಮುಗೀತು. ಅದು ತಾನೇ ಎದ್ದು, ತಾನೇ ತನಗೆ ಬೇಕಾದ್ದನ್ನು ಕೇಳಿ ತಗೊಂಡು, ಚಹಾ ಕುಡಿದು ಬರೋದ್ರಲ್ಲಿ ತಯಾರಾಗಿರುತ್ತೆ.

ಅದೇ ಹುಡುಗ ದೀಪಾವಳಿಗೆ ಊರಿಗೆ ಬಂದಾಗ, ಅವನು ಕಲಿತ ಹೈಸ್ಕೂಲಿನ ಲ್ಯಾಬ್ ಹೇಗಿರುತ್ತೆ? ಬೀಗ. ಒಳಗೆ ಇಪ್ಪತ್ತು ಗಣಕ, ಮೇಲೆ ಬಟ್ಟೆ, ಬಟ್ಟೆ ಮೇಲೆ ಧೂಳು. ಕೇಳಿದರೆ "ಹುಬ್ಬಳ್ಳಿಯಿಂದ ಮಂದಿ ಬರಬೇಕ್ರಿ, ಫೋನ್ ಮಾಡೀವಿ" ಅಂತ ಉತ್ತರ. ಆ ಮನುಷ್ಯ ಬರ್ತಾನೆ, ಒಂದು ಪೆನ್ ಡ್ರೈವ್ ತರ್ತಾನೆ, ನಾಲ್ಕು ಗಣಕಕ್ಕೆ ಹಾಕುವಷ್ಟರಲ್ಲಿ ಕಡೇ ಬಸ್ಸಿನ ಹೊತ್ತಾಗುತ್ತೆ. ಉಳಿದ ಹದಿನಾರು? ಮುಂದಿನ ಸಲ.

ನಮ್ಮ ಎರಿ ಹೊಲದಲ್ಲಿ ಬಿತ್ತುವವನನ್ನು ನೋಡಿ. ಕೂರಿಗೆ ಹೂಡಿ ಬಟ್ಟಲಿಗೆ ಕಾಳು ಬಿಡುತ್ತ ಹೋದರೆ ಮೂರ್ನಾಲ್ಕು ಸಾಲು ಒಟ್ಟಿಗೆ ಬಿತ್ತನೆ ಆಗುತ್ತೆ. ಒಂದೊಂದೇ ಕಾಳು ಬೆರಳಲ್ಲಿ ಊರುತ್ತ ಕೂತರೆ ಹದ ಆರಿಹೋಗುತ್ತೆ ಅನ್ನೋದು ಅವನಿಗೆ ಗೊತ್ತು. ಇದನ್ನು ಕಲಿಸೋಕೆ ಅವನಿಗೆ ಯಾವ ಡಿಗ್ರಿಯೂ ಬೇಕಾಗಲಿಲ್ಲ. ಡಿಗ್ರಿ ಇರೋ ನಾವು ಮಾತ್ರ ಅವನ ಮಕ್ಕಳ ಶಾಲೆಯಲ್ಲಿ ಒಂದೊಂದೇ ಕಾಳು ಊರುತ್ತಿದ್ದೇವೆ.

ಇದೇನು ನಿನ್ನೆ ಮೊನ್ನೆ ಬಂದ ತಂತ್ರಜ್ಞಾನ ಅಂದ್ಕೋಬೇಡಿ. ನೆಟ್‌ವರ್ಕ್ ಮೂಲಕ ಪುಟ್ಟ ಕಡತ ಕಳಿಸುವ ಟಿಎಫ್‌ಟಿಪಿ 1981ರದ್ದು. ಡಿಸ್ಕ್ ಇಲ್ಲದ ಯಂತ್ರ ತನ್ನ ವಿಳಾಸ ಕೇಳಿ ಪಡೆಯುವ ಬೂಟ್‌ಪಿ 1985ರದ್ದು. ಮದರ್‌ಬೋರ್ಡಿನಲ್ಲೇ ಕೂತಿರುವ ಪಿಎಕ್ಸ್‌ಇ ವಿಧಾನದ 2.1ನೇ ಆವೃತ್ತಿಯನ್ನು ಇಂಟೆಲ್ 1999ರಲ್ಲೇ ಪ್ರಕಟಿಸಿತ್ತು. ಅದೇ 1999ರಲ್ಲಿ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಥಾಮಸ್ ಲಾಂಗೆ ಎಂಬಾತ ಫಾಯ್ ಅನ್ನೋ ತಂತ್ರಾಂಶ ಶುರು ಮಾಡಿದ. ಅವನಿಗಿದ್ದ ಕೆಲಸ ಏನು ಗೊತ್ತಾ? ಒಂದು ಸರ್ವರ್, ಅದರ ಜೊತೆ 16 ಗಣಕ. ಅಷ್ಟಕ್ಕೇ ಅವನಿಗೆ ಕೈಯಿಂದ ಒಂದೊಂದಾಗಿ ಹಾಕೋದು ಬೇಡ ಅನ್ನಿಸ್ತು. ನಮ್ಮ ಹೈಸ್ಕೂಲ್ ಲ್ಯಾಬಿನಷ್ಟೇ ದೊಡ್ಡದು ಸ್ವಾಮಿ! ಗೂಗಲ್ಲಿನ ಡೇಟಾ ಸೆಂಟರ್ ಅಲ್ಲ.

ಕೆಲಸ ಹೇಗೆ ನಡೆಯುತ್ತೆ ಅಂತ ಚುಟುಕಾಗಿ ಹೇಳ್ತೀನಿ. ಗಣಕ ಎದ್ದ ಕೂಡಲೇ ನೆಟ್‌ವರ್ಕಿನಲ್ಲಿ "ನಾನ್ಯಾರು? ನನಗೆ ವಿಳಾಸ ಕೊಡಿ" ಅಂತ ಕೂಗುತ್ತೆ. ಲ್ಯಾಬಿನ ಮೂಲೆಯಲ್ಲಿರುವ ಒಂದು ಯಂತ್ರ (ಹಳೇ ಲ್ಯಾಪ್‌ಟಾಪ್ ಆದರೂ ಸಾಕು) ವಿಳಾಸ ಕೊಟ್ಟು, "ಈ ಕಡತ ತಗೊಂಡು ಶುರುವಾಗು" ಅನ್ನುತ್ತೆ. ಡಿಎನ್‌ಎಸ್‌ಮಾಸ್ಕ್ ಅನ್ನೋ ಒಂದೇ ಪುಟ್ಟ ತಂತ್ರಾಂಶ ಇವೆರಡನ್ನೂ ಮಾಡುತ್ತೆ. ಆಮೇಲೆ ಇನ್‌ಸ್ಟಾಲರ್ ಬರುತ್ತೆ. ಅದು ಪ್ರಶ್ನೆ ಕೇಳುತ್ತೆ: ಭಾಷೆ ಯಾವುದು, ಕೀಲಿಮಣೆ ಯಾವುದು, ಡಿಸ್ಕನ್ನು ಹೇಗೆ ಪಾಲು ಮಾಡಲಿ, ಬಳಕೆದಾರರ ಹೆಸರೇನು... ಈ ಪ್ರಶ್ನೆಗಳಿಗೆ ಉತ್ತರ ಮೊದಲೇ ಒಂದು ಕಡತದಲ್ಲಿ ಬರೆದಿಟ್ಟಿದ್ದರೆ ಮನುಷ್ಯ ಕೂರಬೇಕಾಗಿಲ್ಲ. ನಾನು ಇದಕ್ಕೆ ಉತ್ತರ ಪತ್ರಿಕೆ ಅಂತೀನಿ. ಪರೀಕ್ಷೆಗೆ ಮೊದಲೇ ಉತ್ತರ ಪತ್ರಿಕೆ ಕೊಟ್ಟರೂ ತಪ್ಪಲ್ಲದ ಪರೀಕ್ಷೆ ಇದೊಂದೇ :)

ಡೆಬಿಯನ್‌ನವರು ಇದನ್ನು ಪ್ರೀಸೀಡ್ ಅಂತಾರೆ, ಅಂದರೆ ಮುಂಚಿತವಾಗಿ ಹಾಕಿದ ಬೀಜ. ರೆಡ್‌ಹ್ಯಾಟ್, ಫೆಡೋರಾದವರು ಕಿಕ್‌ಸ್ಟಾರ್ಟ್ ಅಂತಾರೆ. ಉಬುಂಟು ಸರ್ವರ್‌ನಲ್ಲಿ 2020ರ 20.04 ಆವೃತ್ತಿಯಿಂದ ಆಟೋಇನ್‌ಸ್ಟಾಲ್ ಇದೆ. ವಿಂಡೋಸ್‌ಗೂ ಅದರದೇ ಅನ್‌ಅಟೆಂಡ್ ಕಡತ ಇದೆ. ಹಾಗಾಗಿ ಇದನ್ನು ಲಿನಕ್ಸ್-ವಿಂಡೋಸ್ ಕುಸ್ತಿ ಮಾಡಬೇಡಿ, ಆ ಕುಸ್ತಿ ಅಖಾಡ ಬೇರೆ.

"ಹಳ್ಳಿಯಲ್ಲಿ ಇಂಟರ್ನೆಟ್ ಇಲ್ಲ, ಇದೆಲ್ಲ ಆಗಲ್ಲ" ಅನ್ನೋರಿಗೆ: ಇದಕ್ಕೆ ಇಂಟರ್ನೆಟ್ಟೇ ಬೇಡ. ಬೇಕಾದ ಪ್ಯಾಕೇಜುಗಳನ್ನೆಲ್ಲ ಒಮ್ಮೆ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಡಿಸ್ಕಿಗೆ ಇಳಿಸಿಕೊಂಡು ಬಂದರೆ ಆಯ್ತು. ಲೆಕ್ಕ ಹಾಕೋಣ ಬನ್ನಿ. ಒಂದು ಗಣಕಕ್ಕೆ 2 ಜಿಬಿ ಅಂದ್ಕೊಳ್ಳಿ, 20 ಗಣಕಕ್ಕೆ 40 ಜಿಬಿ. ಲ್ಯಾಬಿನಲ್ಲಿ ಹಳೇ 100 ಮೆಗಾಬಿಟ್ ಸ್ವಿಚ್ ಇದ್ದರೆ ಸೆಕೆಂಡಿಗೆ 11 ಎಂಬಿ ಸಾಗಿದರೂ ಸುಮಾರು ಒಂದು ಗಂಟೆಯಲ್ಲಿ ಅಷ್ಟೂ ದಾಟುತ್ತೆ. ಇಪ್ಪತ್ತೂ ಒಟ್ಟಿಗೆ. ಗಿಗಾಬಿಟ್ ಸ್ವಿಚ್ ಇದ್ದರಂತೂ ನೆಟ್‌ವರ್ಕ್ ಕಾಯಿಸೋದಿಲ್ಲ, ಡಿಸ್ಕೇ ಕಾಯಿಸುತ್ತೆ. ಒಂದು ಪೆನ್ ಡ್ರೈವಿನಲ್ಲಿ ಒಂದೊಂದಕ್ಕೆ 40 ನಿಮಿಷ ಅಂತ ಹಿಡಿದರೆ? 800 ನಿಮಿಷ, ಹದಿಮೂರು ಗಂಟೆ ಮೇಲೆ. ಅದೂ ನಡುವೆ ಕರೆಂಟು ಹೋಗದಿದ್ದರೆ!

ನವಲಗುಂದ ತಾಲೂಕಿನ ಒಂದು ಶಾಲೆಗೆ ಹೋಗಿದ್ದೆ. ಹೆಸರು ಬೇಡ, ಪಾಪ ಅಲ್ಲಿನ ಮಾಸ್ತರರ ತಪ್ಪೇನಿಲ್ಲ. 20ರಲ್ಲಿ 11 ಗಣಕ "ಕೆಟ್ಟಿದ್ದವು". ಬಿಚ್ಚಿ ನೋಡಿದರೆ ಎರಡರ ಪವರ್ ಸಪ್ಲೈ ಮಾತ್ರ ನಿಜವಾಗಿ ಸತ್ತಿತ್ತು. ಉಳಿದ ಒಂಬತ್ತರಲ್ಲಿ ಕರೆಂಟು ಹೋಗಿ ಬಂದು ಆಪರೇಟಿಂಗ್ ಸಿಸ್ಟಂ ಹಾಳಾಗಿತ್ತು, ಅಷ್ಟೇ. ಒಂಬತ್ತು ಒಳ್ಳೆಯ ಯಂತ್ರಗಳು ಇಡೀ ವರ್ಷ ಸುಮ್ಮನೆ ಕೂತಿದ್ದವು, ಎಂಟನೇ ಕ್ಲಾಸಿನ ಹುಡುಗಿಯರು ಮೌಸ್‌ನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುತ್ತಿದ್ದರು. ಚಿತ್ರ ಚೆನ್ನಾಗಿಯೇ ಬಿಡಿಸಿದ್ದರು ಬಿಡಿ. ನನ್ನ ಸಿಟ್ಟಿರೋದು ಅಲ್ಲೇ. ಒಂದು ಲ್ಯಾಪ್‌ಟಾಪ್, ಒಂದು ಸ್ವಿಚ್, ಒಂದು ಮಧ್ಯಾಹ್ನ. ಒಂಬತ್ತೂ ಎದ್ದವು. ಅಲ್ಲಿ ನಾನು ಪವಾಡವೇನೂ ಮಾಡಲಿಲ್ಲ, ಕಂಪನಿಗಳಲ್ಲಿ ಯಾರಾದರೂ ಹೊಸಬ ಎರಡನೇ ವಾರ ಮಾಡೋ ಕೆಲಸ ಅದು.

ಈಗ ಬ್ಲಾಗಿಗರ ವಿಷಯಕ್ಕೆ ಬರೋಣ. ಹಳೆಯ ಕನ್ನಡ ಬ್ಲಾಗುಗಳ ಪಕ್ಕದಲ್ಲಿ "ಕನ್ನಡ ಸರಿಯಾಗಿ ಕಾಣುತ್ತಿಲ್ಲವೇ? ಇಲ್ಲಿ ನೋಡಿ" ಅಂತ ಒಂದು ಕೊಂಡಿ ಇರುತ್ತಿತ್ತಲ್ಲ, ನೆನಪಿದೆಯಾ? ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗ ಫಾಂಟ್ ಇದ್ದರೂ, ರೀಜನಲ್ ಸೆಟ್ಟಿಂಗಿಗೆ ಹೋಗಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಇರೋ ಕಡೆ ಟಿಕ್ ಮಾಡಿ, ಸಿ.ಡಿ. ಹಾಕು ಅಂದರೆ ಹಾಕಿ, ರೀಸ್ಟಾರ್ಟ್ ಮಾಡಬೇಕಿತ್ತು. ಒಬ್ಬೊಬ್ಬ ಓದುಗನಿಗೂ ಇದನ್ನು ಹೇಳಿ ಹೇಳಿ ಹಿರಿಯ ಬ್ಲಾಗಿಗರು ಸುಸ್ತಾಗಿದ್ದರು. ಕನ್ನಡ ಅನ್ನೋದು ಇನ್‌ಸ್ಟಾಲ್ ಆದ ಮೇಲೆ ಬೇಕಿದ್ದವರು ಹಾಕಿಕೊಳ್ಳೋ ಒಡವೆ ಆಗಿತ್ತು.

ಇವತ್ತು ಎಕ್ಸ್‌ಪಿ ಹೋಯ್ತು, ಆ ಬುದ್ಧಿ ಹೋಗಿಲ್ಲ. ಲ್ಯಾಬಿನ ಗಣಕ ಶುರು ಮಾಡಿದರೆ ಮೆನು ಇಂಗ್ಲಿಷ್, ಕೀಲಿಮಣೆ ಇಂಗ್ಲಿಷ್, ಕನ್ನಡ ಟೈಪ್ ಮಾಡಬೇಕು ಅಂದರೆ ಮತ್ತೆ ಯಾರೋ ಬರಬೇಕು. ಉತ್ತರ ಪತ್ರಿಕೆಯಲ್ಲಿ ಇದಕ್ಕೆ ಬೇಕಾಗೋದು ಎಷ್ಟು? ನಾಲ್ಕೈದು ಸಾಲು! ಭಾಷೆ ಕನ್ನಡ. ಕೀಲಿಮಣೆ ಕಗಪ ಇಲ್ಲವೇ ಇನ್‌ಸ್ಕ್ರಿಪ್ಟ್. ಫಾಂಟು ಗುಬ್ಬಿ, ನವಿಲು (ಎರಡೂ ಡೆಬಿಯನ್‌ನಲ್ಲೇ ಇವೆ). ಲಿಬ್ರೆ ಆಫೀಸಿನ ಕನ್ನಡ ಪ್ಯಾಕೇಜು. ಒಮ್ಮೆ ಬರೆದರೆ ಇಪ್ಪತ್ತಕ್ಕೂ ಅನ್ವಯ, ಇನ್ನೂರಕ್ಕೂ ಅನ್ವಯ. ಕನ್ನಡ ಉಳಿಸಿ ಅಂತ ಇನ್ನೂರು ಪೋಸ್ಟ್ ಬರೆಯೋ ನಾವು ಈ ಐದು ಸಾಲು ಬರೆಯೋದು ಯಾವಾಗ?

ಪಕ್ಕದ ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳದಲ್ಲಿ 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಅನ್ನೋ ಸರ್ಕಾರಿ ಕಂಪನಿಯಾದ ಐಟಿ@ಸ್ಕೂಲ್ ಯೋಜನೆ ತನ್ನ ಪಠ್ಯಕ್ಕೆ ತಕ್ಕ ಗ್ನೂ/ಲಿನಕ್ಸ್ ಆವೃತ್ತಿಯನ್ನು ತಾನೇ ಸಿದ್ಧ ಮಾಡಿತು. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತೆ. ಅಲ್ಲಿ ಗಣಕ ನೋಡಿಕೊಳ್ಳುವವರು ಶಾಲೆಯ ಶಿಕ್ಷಕರೇ, ಮಕ್ಕಳೂ ಸೇರಿ ಇನ್‌ಸ್ಟಾಲ್ ಫೆಸ್ಟ್ ಮಾಡ್ತಾರೆ. ಅಲ್ಲಿ ನೆಟ್‌ವರ್ಕ್ ಮೂಲಕವೇ ಎಲ್ಲ ಆಗುತ್ತೆ ಅಂತ ನಾನು ಹೇಳ್ತಾ ಇಲ್ಲ. ಆದರೆ "ಏನು ಹಾಕಬೇಕು" ಅನ್ನೋದು ಒಂದು ಕಡೆ ತೀರ್ಮಾನವಾಗಿ, ಹಾಕುವ ಅಧಿಕಾರ ಶಾಲೆಯಲ್ಲಿದೆ. ನಮ್ಮಲ್ಲಿ? ಅದೇ ಹೊತ್ತಿಗೆ ಬಂದ ಮಾಹಿತಿ ಸಿಂಧು, ಆಮೇಲಿನ ಐಸಿಟಿ ಯೋಜನೆಗಳು ಖಾಸಗಿ ಕಂಪನಿಗಳ ಗುತ್ತಿಗೆಯ ಮೇಲೆ ನಿಂತವು. ಗುತ್ತಿಗೆ ಮುಗಿದ ದಿನ ಯಂತ್ರ ಶಾಲೆಗೆ, ಅದರ ಜ್ಞಾನ ಕಂಪನಿಗೆ! ಐಟಿ ಫಾರ್ ಚೇಂಜ್‌ನಂಥ ಸಂಸ್ಥೆ ಶಿಕ್ಷಣ ಇಲಾಖೆ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಮೇಲೆಯೇ ತರಬೇತಿ ಕೊಟ್ಟಿದ್ದೂ ಇದೆ. ಅಂದರೆ ಶಿಕ್ಷಕರಿಗೆ ಬರಲ್ಲ ಅನ್ನೋ ಮಾತು ಸುಳ್ಳು.

ನವಲಗುಂದದ ಜಮಖಾನೆ ನೇಯುವ ಮನೆಗಳಲ್ಲಿ ಹಿಂದೆ ಹೆಣ್ಣುಮಕ್ಕಳಿಗೆ ಈ ವಿದ್ಯೆ ಕಲಿಸುತ್ತಿರಲಿಲ್ಲ, ಮದುವೆಯಾಗಿ ಹೋದಲ್ಲಿಗೆ ಗುಟ್ಟೂ ಹೋಗುತ್ತೆ ಅಂತ ಸೊಸೆಗೆ ಮಾತ್ರ ಕಲಿಸುತ್ತಿದ್ದರು ಅಂತ ಹೇಳ್ತಾರೆ. ಅದು ಹೊಟ್ಟೆಪಾಡಿನ ಕಸುಬು, ಅವರ ಭಯ ಅರ್ಥ ಆಗುತ್ತೆ. ಉತ್ತರ ಪತ್ರಿಕೆಯಲ್ಲಿ ಏನು ಗುಟ್ಟಿದೆ? ಎಲ್ಲ ಬಯಲಲ್ಲೇ ಇದೆ. ಅದನ್ನು ಶಾಲೆಗೆ ಕೊಡದೇ ಇರೋದಕ್ಕೆ ಒಂದೇ ಕಾರಣ: ಕೊಟ್ಟರೆ ನಮ್ಮನ್ನು ಮತ್ತೆ ಕರೆಯಲ್ಲ.

"ಹಾಗಾದರೆ ಟೆಕ್ನಿಷಿಯನ್ ಹುಡುಗರ ಹೊಟ್ಟೆ ಮೇಲೆ ಹೊಡೀತೀಯಾ?" ಇಲ್ಲ ರೀ. ಪವರ್ ಸಪ್ಲೈ, ಯುಪಿಎಸ್, ವೈರಿಂಗ್... ಕೆಲಸ ಬೇಕಾದಷ್ಟಿದೆ. "ಒಂದು ಗಣಕ ಸರಿ ಮಾಡಿ ಅದರ ಇಮೇಜ್ ತೆಗೆದು ಉಳಿದಕ್ಕೆ ಅಂಟಿಸಿದರೆ ಆಗಲ್ವಾ?" ಆಗುತ್ತೆ, ಕ್ಲೋನ್‌ಜಿಲ್ಲಾ ಒಳ್ಳೆಯದೇ. ಆದರೆ ದಾನಕ್ಕೆ ಬಂದ ಗಣಕಗಳು ನಾಲ್ಕು ಕಂಪನಿಯವು, ನಾಲ್ಕು ಅಳತೆ ಡಿಸ್ಕಿನವು. ಇಮೇಜಿನೊಳಗೆ ಏನಿದೆ ಅಂತ ಓದೋಕೂ ಆಗಲ್ಲ. ಉತ್ತರ ಪತ್ರಿಕೆಯನ್ನು ಓದಬಹುದು, ತಿದ್ದಬಹುದು, ಪಕ್ಕದೂರಿಗೆ ಕಳಿಸಬಹುದು. "ಈಗ ಎಲ್ಲರ ಹತ್ರ ಮೊಬೈಲ್ ಇದೆಯಲ್ಲ?" ಇದೆ. ನಿಮ್ಮ ಮಗಳಿಗೆ ಮೊಬೈಲಲ್ಲೇ ಪ್ರೋಗ್ರಾಮಿಂಗ್ ಕಲಿಸ್ತೀರಾ? ಹಾಗಾದರೆ ಸರಿ, ನಾನು ಸುಮ್ಮನಾಗ್ತೀನಿ.

ಇದು ಈಗಲೇ ಯಾಕೆ ಅಂದರೆ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹೊಸ ಪ್ರೊಸೆಸರ್ ಬೇಕು. ಅಂದರೆ ನಗರದ ಕಂಪನಿಗಳು ಕೈಬಿಡುವ ಹಳೆ ಗಣಕಗಳು "ದಾನ" ಅನ್ನೋ ಹೆಸರಲ್ಲಿ ಹಳ್ಳಿ ಕಡೆ ಬರುತ್ತವೆ. ಬರಲಿ, ಸಂತೋಷ. ಅವುಗಳಲ್ಲಿ ಬಹುಪಾಲು 64 ಬಿಟ್ ಯಂತ್ರಗಳು, ಲಿನಕ್ಸ್ ಹಾಕಿದರೆ ಇನ್ನೂ ವರ್ಷಗಟ್ಟಲೆ ದುಡಿಯುತ್ತವೆ. (ತೀರಾ ಹಳೇ 32 ಬಿಟ್ ಯಂತ್ರ ಕೊಡಬೇಡಿ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಅದಕ್ಕೆ ಇನ್‌ಸ್ಟಾಲರೇ ಇಲ್ಲ.) ಆದರೆ ಬರೀ ಪೆಟ್ಟಿಗೆ ಇಳಿಸಿ ರಿಬ್ಬನ್ ಕತ್ತರಿಸಿ ಹೋದರೆ, ಕ್ಷಮಿಸಿ, ಅದು ದಾನ ಅಲ್ಲ, ಕಸ ಸಾಗಿಸೋ ಖರ್ಚು ಉಳಿಸಿಕೊಂಡ ಹಾಗೆ.

ಹಾಗಾಗಿ ಕೊಡುವವರಿಗೂ, ಟೆಂಡರ್ ಬರೆಯುವವರಿಗೂ ನನ್ನ ಷರತ್ತು ನಾಲ್ಕೇ:

1. ಲ್ಯಾಬ್ ಜೊತೆ ಒಂದು ಇನ್‌ಸ್ಟಾಲ್ ಸರ್ವರ್, ಅದಕ್ಕೇ ಬೇರೆ ಸ್ವಿಚ್. ಬ್ರಾಡ್‌ಬ್ಯಾಂಡ್ ರೂಟರಿನ ನೆಟ್‌ವರ್ಕಿಗೆ ಸುಮ್ಮನೆ ಸಿಕ್ಕಿಸಬೇಡಿ, ವಿಳಾಸ ಕೊಡುವವರು ಇಬ್ಬರಾದರೆ ಯಾರ ಮಾತೂ ನಡೆಯಲ್ಲ.

2. ಗಣಕಗಳು ಮೊದಲು ತಮ್ಮ ಡಿಸ್ಕಿನಿಂದಲೇ ಏಳಲಿ, ಬೇಕಾದಾಗ ಮಾತ್ರ ಕೀಲಿ ಒತ್ತಿ ನೆಟ್‌ವರ್ಕಿನಿಂದ. ಇಲ್ಲದಿದ್ದರೆ ದಿನಾ ಬೆಳಿಗ್ಗೆ ಹೊಸದಾಗಿ ಇನ್‌ಸ್ಟಾಲ್ ಆಗ್ತಾ ಕೂರುತ್ತವೆ. ಇನ್‌ಸ್ಟಾಲ್ ಅಂದರೆ ಡಿಸ್ಕು ಅಳಿಸಿದ ಹಾಗೆ, ಆದ್ದರಿಂದ ಮಕ್ಕಳ ಕೆಲಸ ಸರ್ವರ್‌ನಲ್ಲಿ ಉಳಿಯಲಿ, ಅದರ ಪ್ರತಿಯೊಂದು ಬೇರೆ ಡಿಸ್ಕಿನಲ್ಲೂ ಇರಲಿ.

3. ಉತ್ತರ ಪತ್ರಿಕೆ ಶಾಲೆಯ ಆಸ್ತಿ. ಅದರಲ್ಲಿ ಕನ್ನಡವೇ ಮೊದಲ ಭಾಷೆ. ಪಾಸ್‌ವರ್ಡ್ ಬಿಡಿಬಿಡಿಯಾಗಿ ಬರೆಯದೆ ಹ್ಯಾಶ್ ಮಾಡಿ ಹಾಕಿ, ನೆಟ್‌ವರ್ಕಿನಲ್ಲಿ ಆ ಕಡತ ಯಾರಿಗೂ ಕಾಣುತ್ತೆ. ಮಾಡುವ ವಿಧಾನ ಕನ್ನಡದಲ್ಲಿ ಒಂದು ಹಾಳೆ, ಗೋಡೆ ಮೇಲೆ.

4. ಹಸ್ತಾಂತರದ ದಿನ ರಿಬ್ಬನ್ ಬೇಡ. ಎಲ್ಲರ ಎದುರು ಒಂದು ಗಣಕದ ಡಿಸ್ಕನ್ನು ಪೂರ್ತಿ ಅಳಿಸಿ. ಶಾಲೆಯ ಮಾಸ್ತರರೋ, ಒಂಬತ್ತನೇ ಕ್ಲಾಸಿನ ಹುಡುಗಿಯೋ ಅದನ್ನು ಮತ್ತೆ ಎಬ್ಬಿಸಲಿ. ಎದ್ದರೆ ಲ್ಯಾಬ್ ಶಾಲೆಯದು. ಏಳದಿದ್ದರೆ ಅದು ಇನ್ನೂ ನಿಮ್ಮದೇ, ಹೊತ್ತುಕೊಂಡು ಹೋಗಿ.

ನೀವು ಬ್ಲಾಗಿಗರಿಗೆ ಕೆಲಸ ಇನ್ನೂ ಸಣ್ಣದು. ನಿಮ್ಮಲ್ಲಿ ಅರ್ಧ ಜನ ಇದೇ ಉದ್ಯೋಗದವರು ಅಂತ ಗೊತ್ತು. ಮುಂದಿನ ಸಲ ಊರಿಗೆ ಹೋದಾಗ ಬ್ಯಾಗಿನಲ್ಲಿ ಧಾರವಾಡ ಪೇಡೆ ಜೊತೆ ಒಂದು ಸ್ವಿಚ್ಚೂ ಇರಲಿ. ಮಾಡಿದ್ದನ್ನು ಕನ್ನಡದಲ್ಲಿ ಬರೆಯಿರಿ, ನಿಮ್ಮ ಕಡತವನ್ನು ಎಲ್ಲರಿಗೂ ಕೊಡಿ. ಅಣ್ಣಿಗೇರಿಗೆ ಬರೆದದ್ದು ಅಫಜಲಪುರಕ್ಕೂ ಆಗುತ್ತೆ, ಅಂಕೋಲಕ್ಕೂ ಆಗುತ್ತೆ.

ನಾನು ಹೇಳಿದ್ದು ತಪ್ಪು ಅನ್ನಿಸಿದರೆ ಕೆಳಗೆ ಜಗಳಕ್ಕೆ ಬನ್ನಿ, ಜಾಗ ಇದೆ. ಬರೋಕೆ ಮೊದಲು ನಿಮ್ಮೂರಿನ ಶಾಲೆಗೆ ಒಂದು ಫೋನ್ ಮಾಡಿ, ಎಷ್ಟು ಗಣಕ ಇವೆ ಅಂತ ಕೇಳಬೇಡಿ, ಎಷ್ಟು ಏಳ್ತಾವೆ ಅಂತ ಕೇಳಿ.