ಚೇಣಿಗೆ ಕೊಡುವ ಮೊದಲು

ಶ್ರಾವಣ ಕಳೆಯುತ್ತಿದ್ದಂತೆ ಚೇಣಿದಾರರು ತೋಟದ ಬದುವಿನ ಮೇಲೆ ನಿಂತು ಗೊನೆ ಎಣಿಸತೊಡಗುತ್ತಾರೆ. ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಕೊಳವೆಬಾವಿಯನ್ನು ನಂಬಿ ಅರ್ಧ ಎಕರೆ, ಒಂದು ಎಕರೆ ಅಡಿಕೆ ಹಾಕಿರುವ ನಮ್ಮ ಸದಸ್ಯರಲ್ಲಿ ಹಲವರು ಮರದ ಮೇಲಿನ ಕಾಯಿಯನ್ನೇ ಒಪ್ಪಿಸಿ ಮುಂಗಡ ಪಡೆಯುತ್ತಾರೆ. ಇದನ್ನು ತಪ್ಪೆನ್ನಲಾಗದು. ಮಗಳ ಮದುವೆಗೋ, ಸುಟ್ಟುಹೋದ ಮೋಟಾರಿಗೋ ಹಣ ಬೇಕಾದವರಿಗೆ ಮಾರ್ಚಿವರೆಗೆ ಕಾಯಿರಿ ಎಂದು ಬೋಧಿಸುವುದು ಸರಿಯಲ್ಲ. ಆದರೆ ಅಂಥ ಅಡಚಣೆ ಇಲ್ಲದವರೂ ‘ಒಣಗಿಸುವ ತಾಪತ್ರಯ ಯಾರಿಗೆ ಬೇಕು ಸ್ವಾಮಿ’ ಎಂದು ಕೈತೊಳೆದುಕೊಳ್ಳುತ್ತಿದ್ದಾರಲ್ಲ, ನನ್ನ ಮಾತು ಅವರೊಡನೆ.

ತಾಪತ್ರಯ ಇರುವುದು ನಿಜ. ಆದರೆ ಅದು ಕೆಂಪಡಿಕೆಯ ತಾಪತ್ರಯ. ಆರೇಳು ತಿಂಗಳ ಎಳೆಗಾಯಿ ಕೊಯ್ದು, ತಡಮಾಡದೆ ಸುಲಿದು, ಚೊಗರಿನಲ್ಲಿ ಬೇಯಿಸಿ ಬಿಸಿಲಿಗೆ ಹಾಕಬೇಕು. ಆ ಕೊಯ್ಲಿನ ಮುಖ್ಯ ಭಾಗ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಮ್ಮ ಜಿಲ್ಲೆಗೆ ಹೆಚ್ಚು ಮಳೆ ಬೀಳುವುದೂ ಆಗಲೇ. ಹಸ್ತ, ಚಿತ್ತೆ ಮಳೆ ಹಿಡಿದರೆ ಬೇಯಿಸಿದ ಅಡಿಕೆಗೆ ಬೂಷ್ಟು ಬರಲು ಎಷ್ಟು ಹೊತ್ತು? ಮಲೆನಾಡಿನವರಿಗೆ ತಲೆಮಾರುಗಳಿಂದ ಬಂದ ಹಂಡೆ, ಅಟ್ಟ, ಸುಲಿಯುವ ನುರಿತ ಕೈ ಎಲ್ಲ ಉಂಟು. ನೂರು ನೂರೈವತ್ತು ಮರದವರು ಅದನ್ನೆಲ್ಲ ಹೊಸದಾಗಿ ಮಾಡಿಕೊಳ್ಳುವುದು ದಂಡ. ನೂರು ಕಿಲೋ ಹಸಿಕಾಯಿಗೆ ಕೊನೆಗೆ ಸಿಗುವ ಕೆಂಪಡಿಕೆ ಹದಿಮೂರು ಕಿಲೋ ಆಸುಪಾಸು.

ನಾವು ನೋಡಬೇಕಾದದ್ದು ಮಲೆನಾಡನ್ನಲ್ಲ, ಕರಾವಳಿಯನ್ನು. ಅಲ್ಲಿ ಕಾಯಿಯನ್ನು ಮರದಲ್ಲೇ ಹಣ್ಣಾಗಲು ಬಿಟ್ಟು, ಸಿಪ್ಪೆ ಸಹಿತ ಒಣಗಿಸಿ, ಚಾಲಿ ಮಾಡುತ್ತಾರೆ. ಬೇಯಿಸುವುದಿಲ್ಲ, ಆತುರದ ಸುಲಿತವಿಲ್ಲ. ಹಣ್ಣು ಹೆಚ್ಚಾಗಿ ಬರುವುದು ಡಿಸೆಂಬರಿನಿಂದ ಮಾರ್ಚಿವರೆಗೆ. ಆಗ ನಮ್ಮಲ್ಲಿ ಮಳೆಯಿಲ್ಲ, ರಾಗಿಯ ಒಕ್ಕಣೆ ಮುಗಿದ ಕಣ ಖಾಲಿ. ಇಷ್ಟು ಅನುಕೂಲ ಕರಾವಳಿಯವರಿಗೂ ಇಲ್ಲವೇನೋ.

ಒಣಗಲು ೩೫ರಿಂದ ೪೫ ದಿನಗಳ ಬಿಸಿಲು ಬೇಕು. ಅವಸರಪಡುವವರು ಕೆಡುವುದು ಇಲ್ಲಿಯೇ. ಬರಿ ನೆಲದ ಮೇಲೆ ಹರಡಿದರೆ ತೇವ ಏರಿ ಕೆಳಗಿನಿಂದ ಬೂಷ್ಟು ಹಿಡಿಯುತ್ತದೆ. ಸಿಮೆಂಟಿನ ಕಣವೋ, ಚೆನ್ನಾಗಿ ಸಾರಿಸಿ ಒಣಗಿದ ಕಣವೋ ಆಗಬೇಕು. ಒಂದೇ ಪದರವಾಗಿ ಹರಡಿ ಆಗಾಗ ಮಗುಚಿಹಾಕಬೇಕು. ರಾತ್ರಿಯ ಮಂಜನ್ನು ಹಗುರವಾಗಿ ಎಣಿಸಬೇಡಿ. ದೇವನಹಳ್ಳಿಯಲ್ಲಿ ಮಂಜಿನಿಂದ ವಿಮಾನಗಳೇ ತಡವಾಗುವ ತಿಂಗಳುಗಳವು! ಸಂಜೆ ರಾಶಿ ಮಾಡಿ ಮುಚ್ಚಬೇಕು. ಆದರೆ ಕಾದ ಅಡಿಕೆಯನ್ನು ಆರಲು ಬಿಡದೆ ಟಾರ್ಪಾಲಿನಿಂದ ಬಿಗಿದರೆ ಒಳಗೇ ಬೆವರುತ್ತದೆ. ಕಾಫಿ ಚೆರ್ರಿಯನ್ನು ಹಿಡಿಯಲ್ಲಿ ಹಿಡಿದು ಅಲ್ಲಾಡಿಸಿ ಗಲಗಲ ಸದ್ದು ಕೇಳಿ ಹದ ನೋಡುವವರಿಗೆ ಇಲ್ಲಿಯೂ ಅದೇ ಪರೀಕ್ಷೆ. ಆದರೂ ನಾಲ್ಕಾರನ್ನು ಸುಲಿದು ಕತ್ತರಿಸಿ ನೋಡಿ. ಒಳಗೆ ಮೆದುವಿದ್ದರೆ ಇನ್ನೂ ಬಿಸಿಲು ಬೇಕು. ಅರೆ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ವ್ಯಾಪಾರಿ ಅದನ್ನು ಕರಿಗೋಟಿನ ಕಡೆ ತಳ್ಳುತ್ತಾನೆ, ತಳ್ಳುವುದು ನ್ಯಾಯವೂ ಹೌದು.

ಇಡುವ ವಿಚಾರದಲ್ಲಿ ಕಾಫಿಯಿರುವ ಸದಸ್ಯರು ವಿಶೇಷವಾಗಿ ಗಮನಿಸಬೇಕು. ದಾಸ್ತಾನಿನ ಅಡಿಕೆಯನ್ನು ಕೊರೆಯುವ ಮುಖ್ಯ ಹುಳು ಅರೇಸೆರಸ್ ಫ್ಯಾಸಿಕ್ಯುಲೇಟಸ್, ಕಾಫಿ ಬೀಜಕ್ಕೂ ಬೀಳುವ ಅದೇ ಹುಳು. ಹೋದ ವರ್ಷದ ಚೆರ್ರಿ ತುಂಬಿದ್ದ ಗೋಣಿಗೆ ಅಡಿಕೆ ತುಂಬುವುದೆಂದರೆ ಹುಳುವನ್ನು ಮನೆಗೆ ಕರೆದಂತೆ. ಹೊಸ ಗೋಣಿ, ಒಳಗೆ ಪಾಲಿಥಿನ್ ಚೀಲ, ಕೆಳಗೆ ಹಲಗೆ, ಗೋಡೆಯಿಂದ ಒಂದು ಮೊಳ ದೂರ. ಸಾಧ್ಯವಾದರೆ ಮಾರುವವರೆಗೆ ಸುಲಿಯಲೇಬೇಡಿ; ಸಿಪ್ಪೆಯೇ ಒಂದು ರಕ್ಷೆ.

‘ನಮ್ಮ ಸುತ್ತಿನಲ್ಲಿ ಕೆಂಪಡಿಕೆಯದೇ ವ್ಯಾಪಾರ, ಚಾಲಿ ಕೇಳುವವರಾರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಕ್ಷೇಪ ಸರಿಯಾದದ್ದೇ. ಕ್ವಿಂಟಾಲಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಕೆಂಪಡಿಕೆಯ ಬೆಲೆಯೇ ಮೇಲು. ಆದರೆ ಚೇಣಿಗೆ ಕೊಟ್ಟವರಿಗೆ ಸಿಗುವುದು ಕೆಂಪಡಿಕೆಯ ಬೆಲೆಯಲ್ಲ, ಹಸಿಕಾಯಿಯ ಬೆಲೆ. ಚಾಲಿಗಾದರೋ ಕಾಯುವ ಶಕ್ತಿ ಇದೆ; ಕರಾವಳಿಯ ಪೇಟೆಗಳಲ್ಲಿ ಹಳೆ ಚಾಲಿಗೆ ಹೊಸ ಚಾಲಿಗಿಂತ ಹೆಚ್ಚು ದರ ಸಿಗುವುದು ರೂಢಿ. ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟ ಕಾಲದಲ್ಲಿ, ೧೯೭೩ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿ ನೆಲೆನಿಂತದ್ದು ಕೆಡದೆ ಉಳಿಯುವ ಈ ಸರಕಿನ ಬಲದಿಂದಲೂ ಹೌದು.

ಒಬ್ಬೊಬ್ಬರ ಎರಡು ಮೂರು ಚೀಲಕ್ಕಾಗಿ ಯಾರೂ ಪುತ್ತೂರಿಗೆ ಹೋಗಲಾರರು. ಆದ್ದರಿಂದ ಮುಂದಿನ ಸಾಮಾನ್ಯ ಸಭೆಯ ಮುಂದೆ ಎರಡು ವಿಷಯ ಇಡಲಿದ್ದೇನೆ: ಸಂಘದ ಗೋದಾಮಿನ ಹಿಂದಿನ ಜಾಗಕ್ಕೆ ಸಿಮೆಂಟಿನ ಕಣ ಹಾಕಿಸುವುದು, ಮತ್ತು ಗೋದಾಮಿನಲ್ಲಿಟ್ಟ ಚಾಲಿಯ ಮೇಲೆ ಸದಸ್ಯರಿಗೆ ಮುಂಗಡ ಕೊಡುವುದು. ಎರಡನೆಯದಿಲ್ಲದೆ ಮೊದಲನೆಯದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಚೇಣಿದಾರರ ಬಲವಿರುವುದು ಅವರ ಹಂಡೆಯಲ್ಲಲ್ಲ, ಜೇಬಿನಲ್ಲಿ. ಈ ಸಲ ಒಂದು ಸಾಲಿನ ಮರಗಳನ್ನಾದರೂ ಹಣ್ಣಿಗೆ ಬಿಡಲು ಒಪ್ಪುವವರು ಗೌರಿ ಹಬ್ಬದೊಳಗೆ ಕಚೇರಿಯಲ್ಲಿ ಮರಗಳ ಸಂಖ್ಯೆ ಬರೆಸಿದರೆ ಕಣದ ಅಳತೆ ನಿಶ್ಚಯಿಸಲು ಅನುಕೂಲವಾಗುತ್ತದೆ.