ನರೆದಲೆಗನ ಹೆಸರಿನಲ್ಲಿ

ಕನ್ನಡ ಎಂ.ಎ. ಮಾಡಿದವನಿಗೆ ಒಂದು ಹೆಮ್ಮೆಯುಂಟು: ತಾನು ಓದಬಲ್ಲೆನೆಂಬುದು. ತಾಳೆಯೋಲೆಯ ಅಕ್ಷರಗಳನ್ನು ಬಿಡಿಸಿ, ಪಾಠಾಂತರಗಳನ್ನು ತೂಗಿ ನೋಡುವ ಶಾಸ್ತ್ರವನ್ನು ಕಲಿತವನು ನಾನು. ಅಂಥವನು ಎರಡು ವರ್ಷಗಳ ಕಾಲ ಅಂಗೈಯಗಲದ ಒಂದು ಬರಹವನ್ನು ಓದದೆ ಹೋದೆನೆಂದರೆ ವಾಚಕರು ನಗಬಹುದು. ನಗಲಿ. ಆ ಬರಹವಿದ್ದದ್ದು ಬಿಸ್ಕತ್ತಿನ ಪೊಟ್ಟಣದ ಬೆನ್ನ ಮೇಲೆ.

ನಮ್ಮ ವಾಸ ಮಾರತ್ತಹಳ್ಳಿಯಲ್ಲಿ. ಹೊರವರ್ತುಲ ರಸ್ತೆಯ ವಾಹನಪ್ರವಾಹವನ್ನು ಈಜಿ ನಾನು ಕಾಲೇಜಿನಿಂದಲೂ ನಮ್ಮಾಕೆ ತಮ್ಮ ಕಂಪನಿಯಿಂದಲೂ ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟು ಹೊಡೆದಿರುತ್ತದೆ. ಮಾಲೂರಿನ ಕಡೆಯ ನಮ್ಮ ಹಳ್ಳಿಯಿಂದ ತಂದೆಯವರು ನಮ್ಮೊಡನಿರಲು ಬಂದದ್ದು 2023ರಲ್ಲಿ. ವಿಶ್ವಸಂಸ್ಥೆ ಅದನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ಅಂಗಡಿಯ ಕಪಾಟುಗಳಲ್ಲೆಲ್ಲ ರಾಗಿಯ ಚಿತ್ರ. ತಂದೆಯವರಿಗೆ ಸಕ್ಕರೆ ಕಾಯಿಲೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ಅವರಿಗೆ ರಾಗಿ ಬಿಸ್ಕತ್ತಿಗಿಂತ ಹಿತವಾದ ಪದಾರ್ಥ ಯಾವುದಿದ್ದೀತು? ತಿಂಗಳ ಸಾಮಾನಿನ ಜೊತೆಗೆ ಹತ್ತು ಪೊಟ್ಟಣ ತಂದಿಟ್ಟು, ಮಗನ ಕರ್ತವ್ಯ ಮುಗಿಯಿತೆಂದುಕೊಂಡೆ.

2025ರಲ್ಲಿ ಒಂದು ದಿನ ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಮಧ್ಯಾಹ್ನ ಏನು ತಿನ್ನುತ್ತೀರಿ ಯಜಮಾನರೇ?" ಎಂದರು. "ರಾಗಿ ಬಿಸ್ಕತ್ತು ಸ್ವಾಮೀ, ಮಗ ತಂದಿಕ್ತಾನೆ" ಎಂದು ತಂದೆಯವರು ಹೇಳಿದ ದನಿಯಲ್ಲಿ ಇದ್ದ ಹೆಮ್ಮೆ ಇಂದಿಗೂ ನನ್ನ ಕಿವಿಯಲ್ಲಿದೆ. ವೈದ್ಯರು ನನ್ನ ಮುಖ ನೋಡಿದರು, ಮಾತನಾಡಲಿಲ್ಲ.

ಆ ರಾತ್ರಿ ಪೊಟ್ಟಣವನ್ನು ದೀಪದ ಕೆಳಗೆ ಹಿಡಿದೆ. ಪದಾರ್ಥಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಮಾಡಬೇಕೆಂಬುದು ನಮ್ಮ ದೇಶದ ಕಾನೂನು. ಮೊದಲ ಹೆಸರು ಮೈದಾ. ಎರಡನೆಯದು ಸಕ್ಕರೆ. ಮೂರನೆಯದು ತಾಳೆಯೆಣ್ಣೆ, ತಾಳೆಯೋಲೆ ಓದಿದವನಿಗೆ ತಾಳೆಯೆಣ್ಣೆ ಕಾಣಲಿಲ್ಲ! (ಎರಡೂ ಬೇರೆ ಬೇರೆ ಮರಗಳೆಂಬುದು ಬೇರೆ ಮಾತು.) ಆಮೇಲೆ ರಾಗಿಹಿಟ್ಟು, ನೂರಕ್ಕೆ ಹದಿನೈದು. ಅದರ ಹಿಂದೆ 503, 500, 322 ಎಂಬ ಸಂಖ್ಯೆಗಳು: ಹಿಟ್ಟನ್ನು ಉಬ್ಬಿಸುವ ಎರಡು ಲವಣಗಳು, ಎಣ್ಣೆ ನೀರುಗಳನ್ನು ಬೆರೆಸುವ ಲೆಸಿಥಿನ್. ಎದುರು ಭಾಗದಲ್ಲಿ ಮಾತ್ರ ತುಂಬಿದ ರಾಗಿತೆನೆ, ನಗುವ ರೈತ.

ಕೋಪದಿಂದ ಲೆಕ್ಕ ಹಾಕಿದೆ. ನೂರೈವತ್ತು ಗ್ರಾಮಿನ ಪೊಟ್ಟಣದಲ್ಲಿ ರಾಗಿ ಇಪ್ಪತ್ತೆರಡೂವರೆ ಗ್ರಾಂ. 2025-26ರ ಸಾಲಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಎಂದರೆ ಒಳಗಿದ್ದ ರಾಗಿಯ ಬೆಲೆ ಒಂದು ರೂಪಾಯಿ ಹತ್ತು ಪೈಸೆ. ನಾನು ತೆತ್ತದ್ದು ಮೂವತ್ತೈದು ರೂಪಾಯಿ.

ಕಾರ್ಖಾನೆಯನ್ನು ಬೈಯುವುದು ಸುಲಭ. ಆದರೆ ಅದು ಸುಳ್ಳು ಬರೆದಿರಲಿಲ್ಲ. ರಾಗಿಯಲ್ಲಿ ಗೋಧಿಯ ಅಂಟಿಲ್ಲ. ಅದರ ಹಿಟ್ಟನ್ನು ತೆಳ್ಳಗೆ ಲಟ್ಟಿಸಹೋದರೆ ಬಿರುಕು ಬಿಡುತ್ತದೆ. ಯಂತ್ರಕ್ಕಾದರೋ ಪ್ರತಿದಿನವೂ ಒಂದೇ ಬಗೆಯಾಗಿ ಓಡುವ, ತಿಂಗಳುಗಟ್ಟಲೆ ಕೆಡದ ಹಿಟ್ಟು ಬೇಕು. ಮೈದಾ ಅಂಥದು: ಉಕ್ಕಿನ ಉರುಳೆಗಳ ನಡುವೆ ಗೋಧಿಯನ್ನು ಸೀಳಿ, ಬೂಸವನ್ನೂ ಬೇಗ ಕಮಟುವ ಮೊಳಕೆಯನ್ನೂ ತೆಗೆದುಹಾಕಿ ಉಳಿಸಿಕೊಂಡ ಬಿಳಿಯ ಪುಡಿ. ತೆಗೆದ ಬೂಸ ಹಸುವಿಗೆ ಹೋಗುತ್ತದೆ; ಹಸು ನಮಗಿಂತ ಭಾಗ್ಯಶಾಲಿ. ರಾಗಿಯ ಸಿಪ್ಪೆಯಾದರೋ ಕಾಳಿಗೆ ಬಿಗಿಯಾಗಿ ಅಂಟಿರುವುದರಿಂದ ಅಕ್ಕಿಯಂತೆ ಪಾಲಿಶ್ ಮಾಡಲು ಬಾರದು. ಸಿಪ್ಪೆಸಹಿತವಾಗಿಯೇ ಬೀಸಬೇಕು. ನೂರು ಗ್ರಾಮಿನಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿದ ಸುಣ್ಣದಂಶ ಉಳಿದುಬಂದಿರುವುದಕ್ಕೆ ಈ ಹಟಮಾರಿತನವೂ ಒಂದು ಕಾರಣವಿರಬೇಕು.

ನನ್ನನ್ನು ಚುಚ್ಚಿದ್ದು ಇನ್ನೊಂದು. ಪ್ರತಿವರ್ಷವೂ ನಾನು ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಪಾಠ ಮಾಡುತ್ತೇನೆ. ವ್ರೀಹಿಗೂ ನರೆದಲೆಗನಿಗೂ, ಎಂದರೆ ಬತ್ತಕ್ಕೂ ರಾಗಿಗೂ, ಜಗಳವಾಗಿ ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಬತ್ತ ಕಳೆಗುಂದುತ್ತದೆ; ರಾಗಿ ಗಟ್ಟಿಯಾಗಿ ನಿಲ್ಲುತ್ತದೆ. ರಾಮನು ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಬೆಳಗ್ಗೆ ತರಗತಿಯಲ್ಲಿ ನರೆದಲೆಗನನ್ನು ಗೆಲ್ಲಿಸಿ, ಸಂಜೆ ಅವನ ವೇಷ ತೊಟ್ಟ ಮೈದಾವನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದೆ. ಅದೂ ನಲವತ್ತು ವರ್ಷ ರಾಗಿ ಬೆಳೆದ ಮನುಷ್ಯನಿಗೆ ತಿನ್ನಿಸಲು.

ಮರುದಿನ ತಂದೆಯವರಿಗೆ ತಪ್ಪೊಪ್ಪಿಕೊಂಡೆ. ಅವರು ಬಿಸ್ಕತ್ತನ್ನು ಮುರಿದು ಮೂಸಿ, "ನಂಗೆ ಮೊದಲೇ ಗೊತ್ತಿತ್ತು ಕಣಪ್ಪ, ಇದ್ರಲ್ಲಿ ರಾಗಿ ವಾಸ್ನೇನೇ ಇಲ್ಲ. ಓದಿದೋನು ತಂದಿದ್ದೀಯಲ್ಲಾಂತ ಸುಮ್ನಿದ್ದೆ" ಎಂದರು.

ಈಗ ಊರಿನಿಂದ ರಾಗಿಯ ಮೂಟೆ ಬಂದಿದೆ. ಭಾನುವಾರಗಳಲ್ಲಿ ಅಪ್ಪ ಮಗ ಇಬ್ಬರೂ ಹಿಟ್ಟಿನ ಗಿರಣಿಗೆ ಹೋಗಿ ಸರದಿಯಲ್ಲಿ ನಿಲ್ಲುತ್ತೇವೆ. ಮಧ್ಯಾಹ್ನಕ್ಕೆ ಅವರಿಗೆ ಬೆಲ್ಲವಿಲ್ಲದ ಹುರಿಹಿಟ್ಟು, ಮಜ್ಜಿಗೆ. ರಾಗಿಯೂ ಔಷಧವಲ್ಲ, ಮುದ್ದೆಗೂ ಅಳತೆಯಿರಲಿ ಎಂದು ವೈದ್ಯರು ಎಚ್ಚರಿಸಿದ್ದಾರೆ. ಆ ಅಳತೆಯ ವಿಷಯದಲ್ಲಿ ಮಾತ್ರ ತಂದೆಯವರಿಗೂ ನನಗೂ ದಿನವೂ ಚೌಕಾಸಿ. ನನ್ನ ಸಂಗತಿ? ಕಾಲೇಜಿನ ಮೇಜಿನ ಖಾನೆಯಲ್ಲಿ ಹಳೆಯ ಪೊಟ್ಟಣವೊಂದು ಅರ್ಧ ಉಳಿದಿದೆ. ನಾಲ್ಕು ಗಂಟೆಯ ಚಹಾ ಬಂದಾಗ ಕೈ ತಾನಾಗಿಯೇ ಅತ್ತ ಹೋಗುತ್ತದೆ.