ಮನೋಚಿಕಿತ್ಸೆಯ ಉಮೇದುವಾರರೂ ನಮ್ಮ ಕನ್ನಡವೂ

ಮುಂಬಯಿಯಂಥ ಮಹಾನಗರದಲ್ಲಿ ಸೇವಾಸಂಸ್ಥೆಗಳೂ ಆಸ್ಪತ್ರೆಗಳೂ ಜನಸಾಮಾನ್ಯರಿಗಾಗಿ ನಡೆಸುವ ಮಾನಸಿಕ ಆರೋಗ್ಯದ ಚಿಕಿತ್ಸಾಲಯಗಳಲ್ಲಿ ರೋಗಿಯ ಎದುರು ಮೊದಲು ಕುಳಿತುಕೊಳ್ಳುವವರು ಅನೇಕ ವೇಳೆ ನುರಿತ ವೈದ್ಯರಲ್ಲ. ಮನಶ್ಶಾಸ್ತ್ರದ ಪದವಿಯನ್ನು ಮುಗಿಸಿದ, ಇಲ್ಲವೆ ಮುಗಿಸಲಿರುವ ತರುಣ ತರುಣಿಯರು. ಅವರನ್ನು ಇಂಟರ್ನ್ ಎಂದು ಕರೆಯುವುದು ಈಗಿನ ರೂಢಿ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಉಮೇದುವಾರರು. ಈ ಉಮೇದುವಾರರಿಗೆ ಯಾರು ಕಲಿಸುತ್ತಾರೆ, ಏನನ್ನು ಕಲಿಸುತ್ತಾರೆ, ಯಾವ ಭಾಷೆಯಲ್ಲಿ ಕಲಿಸುತ್ತಾರೆ ಎಂಬ ಪ್ರಶ್ನೆಯನ್ನು ಹೊರನಾಡ ಕನ್ನಡಿಗರು ಇದುವರೆಗೆ ಗಂಭೀರವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ.

ಈ ಕ್ಷೇತ್ರದಲ್ಲಿ ಕನ್ನಡನಾಡು ಹಿಂದುಳಿದುದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದೇ 1974ರಲ್ಲಿ ನಿಮ್ಹಾನ್ಸ್ ಎಂಬ ರೂಪವನ್ನು ತಾಳಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಬಗೆಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹೀಗಿದ್ದರೂ ಕೊರತೆ ನೀಗಿಲ್ಲ. 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕ ಮೊದಲಾದ ಸಾಮಾನ್ಯ ಮನೋವ್ಯಾಧಿಗಳಿಂದ ನರಳುವವರಲ್ಲಿ ನೂರಕ್ಕೆ ಸುಮಾರು 85 ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. ಆದುದರಿಂದ ಉಮೇದುವಾರರು ಬೇಡವೆನ್ನುವಂತಿಲ್ಲ. ಅವರನ್ನು ಚೆನ್ನಾಗಿ ತಯಾರು ಮಾಡುವುದೊಂದೇ ಉಳಿದಿರುವ ಮಾರ್ಗ.

ಈಗ ಭಾಷೆಯ ಮಾತಿಗೆ ಬರೋಣ. ಈ ತರುಣರು ಓದುವುದು ಇಂಗ್ಲಿಷಿನಲ್ಲಿ. ರೋಗಿಗಳೊಡನೆ ಮಾತನಾಡುವುದು ಹಿಂದಿ ಅಥವಾ ಮರಾಠಿಯಲ್ಲಿ. ಎದುರಿಗೆ ಬಂದು ಕುಳಿತವಳು ಗುಲ್ಬರ್ಗದ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ಹೆಂಗಸೆನ್ನಿ, ಇಲ್ಲವೆ ಮಗನ ಸಂಸಾರ ನೋಡಿಕೊಳ್ಳಲು ಕುಂದಾಪುರದಿಂದ ಬಂದು ಡೊಂಬಿವಲಿಯ ಎರಡು ಕೋಣೆಗಳಲ್ಲಿ ಬಂದಿಯಾದ ಅಜ್ಜಿಯೆನ್ನಿ. "ಜೀವಕ್ಕ ಬ್ಯಾಸರ ಆಗೇದ" ಎಂದು ಒಬ್ಬಳು ಹೇಳಿದರೆ, "ಎದೆ ಡವಡವ ಅಂತದೆ, ಊಟ ಸೇರುವುದಿಲ್ಲ" ಎಂದು ಇನ್ನೊಬ್ಬಳು ಹೇಳುತ್ತಾಳೆ. ಖಿನ್ನತೆ ಎಂಬ ಶಬ್ದವನ್ನು ಇಬ್ಬರೂ ಕೇಳಿದವರಲ್ಲ. ಮೊದಲನೆಯವಳ ಬ್ಯಾಸರ ದಿನದ ದಣಿವಿನ ಬೇಸರವೋ ಬದುಕೇ ಬೇಡವಾದ ಬೇಸರವೋ ಎಂಬುದು ಆ ಮಾತಿನ ದನಿಯನ್ನು ಬಲ್ಲವರಿಗಷ್ಟೇ ತಿಳಿದೀತು. ಆಗ ದುಭಾಷಿಯಾಗಿ ನಿಲ್ಲುವವರು ಯಾರು? ಒಂಬತ್ತನೆಯ ತರಗತಿಯ ಮಗಳು, ಇಲ್ಲವೆ ಅಜ್ಜಿಯ ಸೊಸೆ. ಗಂಡನ ಏಟಿನ ಮಾತನ್ನು ಮಗಳ ಬಾಯಿಂದ ಹೇಳಿಸುವ ತಾಯಿ ಯಾರಿದ್ದಾರೆ? ಸೊಸೆಯ ಮೇಲಿನ ದೂರನ್ನು ಸೊಸೆಯೇ ಭಾಷಾಂತರಿಸಬೇಕೆಂದರೆ ಅಜ್ಜಿ ಬಾಯಿ ಬಿಡುವುದಾದರೂ ಹೇಗೆ? ನಿದ್ದೆಯ ಗುಳಿಗೆ ಬರೆಸಿಕೊಂಡು ಇಬ್ಬರೂ ಮನೆಗೆ ಮರಳುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗದ ಸ್ವರೂಪವನ್ನೂ ಚಿಕಿತ್ಸೆಯ ಕ್ರಮವನ್ನೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ವಿಧಿಸಿದೆ. ಆದರೆ ತಿಳಿಸುವುದಕ್ಕಿಂತ ಮೊದಲು ಕೇಳುವುದುಂಟಷ್ಟೆ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು 2006ರಲ್ಲಿ ಮುದುಕಿಯರಿಗೆ ತರಬೇತಿ ಕೊಟ್ಟು ಚಿಕಿತ್ಸಾಲಯದ ಅಂಗಳದ ಬೆಂಚಿನ ಮೇಲೆ ಕೂರಿಸಿದಾಗ, ಆ ಅಜ್ಜಿಯರು ಬಳಸಿದ್ದು ಇಂಗ್ಲಿಷ್ ಪುಸ್ತಕದ ರೋಗನಾಮವನ್ನಲ್ಲ. ಶೋನಾ ಭಾಷೆಯ ಕುಫುಂಗಿಸಿಸಾ ಎಂಬ ಮಾತನ್ನು. ಅತಿಯಾದ ಯೋಚನೆ ಎಂದು ಅದರ ಅರ್ಥ. ನಮ್ಮ ಹೆಂಗಸರೂ "ಯೋಚನೆ ಹಚ್ಚಿಕೊಂಡಿದ್ದಾಳೆ" ಎಂದೇ ಹೇಳುತ್ತಾರಲ್ಲವೆ?

ಭಾಷೆ ಬಲ್ಲವನಿಗೆ ಕುರ್ಚಿ ಕೊಟ್ಟರೆ ಸಾಕೆಂದು ಮಾತ್ರ ಯಾರೂ ತಿಳಿಯಬಾರದು. ಉಡುಪಿ ಹೋಟೆಲಿಗೆ ಕ್ಲೀನರ್ ಆಗಿ ಸೇರಿದ ಹುಡುಗನನ್ನು ಮರುದಿನವೇ ದೋಸೆಯ ಕಾವಲಿಯ ಮುಂದೆ ಯಾವ ಮಾಲಕನೂ ನಿಲ್ಲಿಸುವುದಿಲ್ಲ. ಮನುಷ್ಯರ ಮನಸ್ಸಿನ ವಿಷಯದಲ್ಲಿ ಆ ಎಚ್ಚರ ಇಲ್ಲದಿರುವುದೇ ಸೋಜಿಗ. ಒಂದೆರಡು ದಿನಗಳ ಭಾಷಣ, ಒಂದು ಪ್ರಮಾಣಪತ್ರ, ಬಳಿಕ ರೋಗಿಗಳ ಸಾಲು! ನೆರೆಯ ಗೋವೆಯಲ್ಲಿ ಸಂಗಾತ್ ಸಂಸ್ಥೆಯವರು ನಡೆದ ದಾರಿ ಬೇರೆ. ಹತ್ತನೆಯ ತರಗತಿಯಷ್ಟು ಓದಿದ ಸ್ಥಳೀಯರನ್ನು ಆರಿಸಿ, ಮೂರು ವಾರ ಪಾಠ ಹೇಳಿ, ಆಮೇಲೆ ಆರು ತಿಂಗಳು ಉಮೇದುವಾರಿಕೆಯಲ್ಲಿಟ್ಟರು. ಇವರು ತಮ್ಮ ಸಮಾಲೋಚನೆಗಳನ್ನು ಧ್ವನಿಮುದ್ರಿಸಿಕೊಂಡು, ಒಟ್ಟಾಗಿ ಕುಳಿತು ಕೇಳಿ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಂಕ ಕೊಡುತ್ತಿದ್ದರು. ಫಲವೇನು? ತೀವ್ರ ಖಿನ್ನತೆಯಿದ್ದ 495 ಮಂದಿಯ ಮೇಲೆ ನಡೆದ ಪರೀಕ್ಷೆಯ ವರದಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದವರು, ಈ ಸಲಹೆ ಪಡೆದವರಲ್ಲಿ ನೂರಕ್ಕೆ 64, ಉಳಿದವರಲ್ಲಿ 39. ನಮ್ಮ ಮತದಲ್ಲಿ ಇದರ ಗುಟ್ಟು ಮೂರು ವಾರಗಳ ಪಾಠಕ್ಕಿಂತ ಆಮೇಲಿನ ಆರು ತಿಂಗಳುಗಳಲ್ಲಿದೆ. ತಾನು ಎಲ್ಲಿ ಆತುರಪಟ್ಟು ಉಪದೇಶಕ್ಕೆ ತೊಡಗಿದೆ, ಎಲ್ಲಿ ರೋಗಿಯ ಮೌನವನ್ನು ಸಹಿಸಲಾರದೆ ಮಾತು ತುಂಬಿದೆ ಎಂಬುದು ತನ್ನ ದನಿಯನ್ನು ತಾನೇ ಕೇಳಿದಾಗ ತಿಳಿಯುವಷ್ಟು ಬೇರೆ ಯಾವ ವಿಧದಿಂದಲೂ ತಿಳಿಯದು. ಕನ್ನಡದಲ್ಲಿ ನಡೆದ ಸಮಾಲೋಚನೆಯನ್ನು ಕನ್ನಡ ಬಲ್ಲ ಹಿರಿಯರೇ ಕೇಳಿ ತಿದ್ದಬೇಕೆಂಬುದೂ ಇದರಿಂದಲೇ ಸಿದ್ಧವಾಗುತ್ತದೆ. ಉಮೇದುವಾರನು ತನ್ನ ಹಿರಿಯನಿಗೆ ಇಂಗ್ಲಿಷಿನಲ್ಲಿ ಸಾರಾಂಶ ಒಪ್ಪಿಸುವ ಹೊತ್ತಿಗೆ ಆ "ಬ್ಯಾಸರ" ಎಲ್ಲಿಯೋ ಸೋರಿಹೋಗಿರುತ್ತದೆ.

ಇಲ್ಲೊಂದು ಆಕ್ಷೇಪವುಂಟು, ಅದು ಸಣ್ಣದಲ್ಲ. ನಮ್ಮದು ಪರಸ್ಪರ ಪರಿಚಯದ ಸಮಾಜ. ಇಬ್ಬರು ತುಳು ಕನ್ನಡಿಗರು ಲೋಕಲ್ ಗಾಡಿಯಲ್ಲಿ ಸಂಧಿಸಿದರೆ ಊರು ಯಾವುದು, ಮನೆ ಯಾವುದು, ಯಾವ ಬಳಿ ಎಂದು ಕೇಳಿ ದಾದರ್ ಬರುವುದರೊಳಗೆ ಸಂಬಂಧವನ್ನು ಹುಡುಕಿ ತೆಗೆಯುತ್ತಾರೆ. ಇಂಥವರಲ್ಲಿ ಮನೆಯ ಗುಟ್ಟನ್ನು ಹೇಳುವುದೆಂತು, ನಾಳೆ ಮಗಳ ಸಂಬಂಧಕ್ಕೆ ಕುತ್ತು ಬಂದರೆ ಗತಿಯೇನು, ಅದಕ್ಕಿಂತ ಪರಭಾಷೆಯ ಅಪರಿಚಿತನೇ ಲೇಸು ಎಂದು ಅನೇಕರು ಹೇಳುತ್ತಾರೆ. ಅವರ ಭಯ ನ್ಯಾಯವಾದುದು. ಹೊರಗೆ ಪ್ರೀತಿಯ ಮಾತಾದ "ನಿಮ್ಮ ಊರು ಯಾವುದು?" ಎಂಬ ಪ್ರಶ್ನೆ ಆ ಕೋಣೆಯೊಳಗೆ ತನಿಖೆಯ ಪ್ರಶ್ನೆಯಾಗುತ್ತದೆ. ಕನ್ನಡದ ಉಮೇದುವಾರನು ಮೊಟ್ಟಮೊದಲು ನುಂಗಿಕೊಳ್ಳಲು ಕಲಿಯಬೇಕಾದುದು ಈ ಪ್ರಶ್ನೆಯನ್ನೇ. ಪರಿಚಯದ ಮನೆಯವರು ಬಂದರೆಂದರೆ, ನಿಮಗೆ ಸಂಕೋಚವಾದರೆ ಬೇರೆಯವರ ಬಳಿ ಕಳುಹಿಸುತ್ತೇನೆಂದು ತಾನಾಗಿಯೇ ಹೇಳಬೇಕು. ರೋಗಿಯ ಗುಟ್ಟನ್ನು ಕಾಪಾಡುವುದು ಅದೇ ಕಾಯಿದೆಯಂತೆ ಕರ್ತವ್ಯವೂ ಹೌದು. ಕನ್ನಡದಲ್ಲಿ ಹೇಳಿಕೊಳ್ಳುವುದೋ ಬೇಡವೋ ಎಂಬ ಆಯ್ಕೆ ರೋಗಿಯದಾಗಿರಲಿ. ಇಂದು ಆ ಆಯ್ಕೆಯೇ ಬಹಳ ಮಂದಿಗೆ ಇಲ್ಲ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರಕಾರದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ (14416) ಕನ್ನಡದಲ್ಲಿಯೂ ಉಂಟೆಂಬುದು ಸಂತೋಷದ ಸಂಗತಿಯೇ. ಆದರೆ ಒಂದೇ ಕೋಣೆಯ ಮನೆಯಲ್ಲಿ ದೂರವಾಣಿಯ ಮಾತು ಎಲ್ಲರ ಕಿವಿಗೂ ಬೀಳುತ್ತದೆ.

ಇನ್ನೆರಡು ಸಂಗತಿಗಳಲ್ಲಿ ಚಿಕಿತ್ಸಾಲಯಗಳು ದಾಕ್ಷಿಣ್ಯವಿಲ್ಲದೆ ನಡೆಯಬೇಕು. ರೋಗಿಯ ಮಾತಿನಲ್ಲಿ ಸಾವಿನ ಸುಳಿವು ಕಂಡರೆ, ಸಾಯುವ ಆಲೋಚನೆ ಬರುತ್ತಿದೆಯೆ ಎಂದು ನೇರವಾಗಿ ಕೇಳಲು ಉಮೇದುವಾರನಿಗೆ ಕಲಿಸಿರಬೇಕು. ಹಾಗೆ ಕೇಳಿದರೆ ಇಲ್ಲದ ಆಲೋಚನೆಯನ್ನು ಹುಟ್ಟಿಸಿದಂತಾಗುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದ ಮೇಲೆ ಅದೇ ಗಳಿಗೆಯಲ್ಲಿ ಕರೆಯಬಲ್ಲ ಹಿರಿಯರೊಬ್ಬರು ಪಕ್ಕದ ಕೋಣೆಯಲ್ಲಿ ಇರಬೇಕು. ಎರಡನೆಯದು, ತಾನು ಕಲಿಯುತ್ತಿರುವವನು, ಇಂಥ ತಿಂಗಳಲ್ಲಿ ಹೊರಡುವವನು ಎಂಬುದನ್ನು ಮೊದಲ ದಿನವೇ ರೋಗಿಗೆ ತಿಳಿಸುವುದು. ಎಂಟು ವಾರಗಳ ಮೇಲೆ ಬಾಯಿ ಬಿಟ್ಟವಳು ಒಂಬತ್ತನೆಯ ವಾರ ಬಂದು ಖಾಲಿ ಕುರ್ಚಿಯನ್ನು ಕಂಡರೆ, ಅವಳು ಮತ್ತೊಮ್ಮೆ ಆ ಮೆಟ್ಟಿಲು ಹತ್ತುವುದು ಕಷ್ಟ.

ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ತೆರೆದು ಮೆಟ್ರಿಕ್ ಪಾಸು ಮಾಡಿಸಿದ ಸಂಘಗಳು ಮುಂಬಯಿ ಕನ್ನಡಿಗರವು. ಅವುಗಳಲ್ಲಿ ಅನೇಕಕ್ಕೆ ಇಂದು ಸ್ವಂತ ಕಟ್ಟಡವಿದೆ, ವಿದ್ಯಾರ್ಥಿವೇತನದ ನಿಧಿಯಿದೆ. ವರ್ಷಕ್ಕೆ ಇಬ್ಬರು ಮೂವರು ಕನ್ನಡ ಬಲ್ಲ ಉಮೇದುವಾರರಿಗೆ ವೇತನವನ್ನೂ, ಅವರನ್ನು ತಿದ್ದುವ ಕನ್ನಡದ ಹಿರಿಯ ಸಲಹೆಗಾರರೊಬ್ಬರಿಗೆ ಗೌರವಧನವನ್ನೂ ಗೊತ್ತುಮಾಡಿ, ಯಾವುದಾದರೊಂದು ನೋಂದಾಯಿತ ಚಿಕಿತ್ಸಾಲಯದೊಡನೆ ಒಪ್ಪಂದ ಮಾಡಿಕೊಳ್ಳುವುದು ಅವುಗಳ ಶಕ್ತಿಗೆ ಮೀರಿದುದಲ್ಲ. ಸಂಘದ ಕಟ್ಟಡದಲ್ಲಿಯೇ ವಾರಕ್ಕೆ ಎರಡು ಸಂಜೆ ಒಂದು ಕೋಣೆಯನ್ನು ಬಿಟ್ಟುಕೊಡುವುದಾದರೆ ಇನ್ನೂ ಒಳ್ಳೆಯದು. ಆದರೆ ಆ ಕೋಣೆ ವಧೂವರರ ಮಾಹಿತಿ ಕೇಂದ್ರದ ಪಕ್ಕದಲ್ಲಿರಬಾರದು. ಅದಕ್ಕೆ ಬೇರೆಯೇ ಮೆಟ್ಟಿಲಿರಬೇಕು, ಬಾಗಿಲ ಮೇಲೆ ದಾನಿಗಳ ಹೆಸರಿನ ಫಲಕವೂ ಬೇಡ.